ಮೂವತ್ತಮೂರನೆಯ ಜಾಗದಲ್ಲಿ ಹಿಮ ನಿಲ್ಲುವುದಿಲ್ಲ

ಜಿಲ್ಲೆಯ ಪರಿಸರ ಆರೋಗ್ಯಾಧಿಕಾರಿಗಳೇ,

'ಮಾನ್ಯರೇ' ಎಂದು ಬರೆಯಲು ಕೈ ಏಳಲಿಲ್ಲ, ಕ್ಷಮಿಸಿ. ನಿಮ್ಮ ಸಹಿ ಮತ್ತು ಮೊಹರು ಇದ್ದ ಒಂದು ಹಾಳೆಯನ್ನು ನಂಬಿ ಫೆಬ್ರವರಿ ಹನ್ನೊಂದರಂದು ನಾನು ನನ್ನ ನೆರೆಯವನ ಆರ್‌ವಿಯ, ಅಂದರೆ ಅವನು ಮನೆ ಮಾಡಿಕೊಂಡಿದ್ದ ಗಾಡಿಯ, ಗೋಡೆಯಿಂದ ವಿಷಾನಿಲದ ಅಲಾರಂ ಬಿಚ್ಚಿಕೊಟ್ಟೆ. ಒಂಬತ್ತು ದಿನ ಕಳೆದ ಮೇಲೆ ಅವನನ್ನು ಅದೇ ಗಾಡಿಯಿಂದ ಪ್ರಜ್ಞೆಯಿಲ್ಲದೆ ಹೊರಗೆಳೆಯಬೇಕಾಯಿತು. ಅವನ ಹೆಸರು ಓಡೆಲ್ ಪ್ರೂಯಿಟ್. ಈ ಬಗ್ಗೆ ನಿಮ್ಮ ಕಚೇರಿಗೆ ಮೂರು ಪತ್ರ ಬರೆದೆ. ನಾಲ್ಕನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ನೀವು ಓದದಿದ್ದರೂ, ಇಲ್ಲಿಗೆ ಬರಲು ಗಾಡಿ ಕಟ್ಟಿಕೊಂಡು ಹೊರಟವರಾದರೂ ಓದಲಿ ಎಂದು.

ನನ್ನ ಹೆಸರು ಡ್ವೈಟ್, ನೆಬ್ರಾಸ್ಕಾ ರಾಜ್ಯದವನು. ಶಾಲಾ ಬಸ್ಸುಗಳನ್ನು ಮೂವತ್ತೊಂದು ವರ್ಷ ರಿಪೇರಿ ಮಾಡಿ ನಿವೃತ್ತನಾದವನು. ನನ್ನ ಹೆಂಡತಿ ಆರ್ಲೀನ್‌ಗೆ ರಕ್ತದ ಕ್ಯಾನ್ಸರ್. ಡೆನ್ವರ್‌ನ ದೊಡ್ಡ ಆಸ್ಪತ್ರೆಯಲ್ಲಿ ಐದು ದಿನಕ್ಕೊಮ್ಮೆ ಚಿಕಿತ್ಸೆ. ಊರಿಂದ ಅಷ್ಟು ದೂರ ಅವಳನ್ನು ಹೊತ್ತು ತಿರುಗುವುದು ಸಾಧ್ಯವಿಲ್ಲವೆಂದು ಮಂಚ, ಒಲೆ, ಕಕ್ಕಸು ಎಲ್ಲ ಇರುವ ನಮ್ಮ ಹಳೆಯ ಆರ್‌ವಿಯಲ್ಲೇ ಅಕ್ಟೋಬರಿನಲ್ಲಿ ಬಂದೆವು. ನಗರದ ಸುತ್ತ ಇರುವ ಕ್ಯಾಂಪುಗಳಲ್ಲಿ ಹತ್ತು ವರ್ಷಕ್ಕಿಂತ ಹಳೆಯ ಗಾಡಿಯನ್ನು ಒಳಗೆ ಬಿಡುವುದಿಲ್ಲ, ನೋಟ ಕೆಡುತ್ತದಂತೆ. ಬಿಟ್ಟದ್ದು ಹೆದ್ದಾರಿಯ ಪಕ್ಕದ ಈ ಕಾಟನ್‌ವುಡ್ ಕ್ಯಾಂಪ್ ಒಂದೇ. ಪ್ರವಾಸಿಗರ ಕರಪತ್ರದಲ್ಲಿ ನಮ್ಮಂಥವರನ್ನು 'ರಜೆ ಕಳೆಯುವವರು' ಎಂದು ಬರೆದಿದ್ದಾರೆ. ನಮ್ಮ ಅಕ್ಕಪಕ್ಕದ ರಜೆಯವರು ಇಂಥವರು: ಗುತ್ತಿಗೆಯ ಮೇಲೆ ಊರೂರು ಅಲೆಯುವ ನರ್ಸ್ ಮಾರಿಸೆಲಾ ಕಿರೋಗಾ, ಪೈಪ್ ವೆಲ್ಡರ್ ಓಡೆಲ್, ಬಾಡಿಗೆ ಮನೆ ಕಳೆದುಕೊಂಡ ಎಂಬತ್ತರ ಲವರ್ನ್ ಟಿಬೆಟ್ಸ್, ಕೀಮೋ ಪಡೆಯುವ ನನ್ನ ಹೆಂಡತಿ.

ಜನವರಿಯ ಮೊದಲ ದೊಡ್ಡ ಹಿಮ ಬಿದ್ದ ಬೆಳಿಗ್ಗೆ ನಾನು ಬಾಗಿಲು ತೆಗೆದಾಗ ಇಡೀ ಕ್ಯಾಂಪು ಮೊಣಕಾಲು ಮಟ್ಟ ಬೆಳ್ಳಗಿತ್ತು. ಗಾಡಿ ನಿಲ್ಲಿಸುವ ಜಾಗಗಳಲ್ಲಿ ಮೂವತ್ತೊಂದರಿಂದ ಮೂವತ್ತಾರನೆಯ ನಂಬರಿನವರೆಗಿನ ಆರು ಮಾತ್ರ ಕಪ್ಪಗೆ ಒದ್ದೆಯಾಗಿದ್ದವು. ಹುಲ್ಲು ಕೂಡ ಹಸಿರಾಗಿತ್ತು. ಓಡೆಲ್ ಮೂವತ್ತಮೂರರ ಮೆಟ್ಟಿಲ ಮೇಲೆ ಬನಿಯನ್ನಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದ.

"ನೋಡಿ ಡ್ವೈಟ್, ನಾನು ಯಾವ ಪುಣ್ಯ ಮಾಡಿದ್ನೋ! ನಿಮಗೆಲ್ಲ ಸಲಿಕೆ ಕೆಲಸ, ನನಗೆ ಪುಕ್ಕಟೆ ಹೀಟರ್" ಎಂದು ನಕ್ಕ.

ಲವರ್ನ್ ನಗಲಿಲ್ಲ. ಕೋಲೂರಿಕೊಂಡು ಬಂದು ಆ ಕಪ್ಪು ಅಂಚಿನಲ್ಲೇ ನಿಂತಳು. ಒಂದು ಹೆಜ್ಜೆ ಮುಂದಿಡಲಿಲ್ಲ.

"ಇದರ ಕೆಳಗೆ ಏನಿದೆ ಗೊತ್ತೇನಪ್ಪಾ? ಇಡೀ ಡೆನ್ವರ್‌ನ ಕಸ. ನಮ್ಮ ಯಜಮಾನ್ರು ಹದಿನೇಳು ವರ್ಷ ಇಲ್ಲಿಗೇ ಲಾರಿ ಹೊಡೀತಿದ್ರು. ಆಮೇಲೆ ಮಣ್ಣು ಮುಚ್ಚಿದ್ರು, ಮರ ನೆಟ್ರು, ಚೆಂದದ ಹೆಸರಿಟ್ರು. ಒಳಗೆ ಹೊತ್ತಿಕೊಂಡಿದೆ ಅದು."

"ಅಜ್ಜೀ, ಬೆಂಕಿ ಇದ್ರೆ ಹೊಗೆ ಬರಬೇಕಲ್ವಾ?" ಎಂದ ಓಡೆಲ್.

"ಹೊಗೆ ಬಂದಿದ್ರೆ ಒಳ್ಳೇದಿತ್ತು. ಕಣ್ಣಿಗೆ ಕಾಣ್ತಿತ್ತು" ಎಂದಳು ಲವರ್ನ್.

ಅದೇ ವಾರ ಅಲಾರಂಗಳು ಕೂಗತೊಡಗಿದವು. ಪ್ರತಿಯೊಂದು ಆರ್‌ವಿಯ ಒಳಗೂ ಅಂಗೈಯಗಲದ ಒಂದು ಪೆಟ್ಟಿಗೆ ಇರುತ್ತದೆ, ಕಾರ್ಬನ್ ಮಾನಾಕ್ಸೈಡ್ ಸೇರಿದರೆ ಅರಚುತ್ತದೆ. ಮೊದಲು ಮೂವತ್ತಮೂರು, ಆಮೇಲೆ ಮೂವತ್ತನಾಲ್ಕು, ಕೊನೆಗೆ ರಸ್ತೆಯಾಚೆ ನಲವತ್ತರಲ್ಲಿರುವ ನಮ್ಮದು. ಕ್ಯಾಂಪಿನ ವ್ಯವಸ್ಥಾಪಕಿ ವರ್ನಾ ಸ್ಟೋಲ್ಟ್ಸ್ ಕೌಂಟರಿನ ಹಿಂದಿನಿಂದ ತಲೆಯೆತ್ತದೆ ಹೇಳಿದಳು: "ಹಳೇ ಗಾಡಿ, ಹಳೇ ಅಲಾರಂ. ಅಂಗಡೀಲಿ ಹೊಸದು ಸಿಗುತ್ತೆ." ಹೊಸದನ್ನೇ ತಂದು ಹಾಕಿದೆ. ಹೊಸದು ಹಳೆಯದಕ್ಕಿಂತ ಜೋರಾಗಿ ಕೂಗಿತು.

ಆಗ ನಿಮ್ಮ ಕಚೇರಿಗೆ ಫೋನ್ ಮಾಡಿದೆ. ನೀವು ಒಬ್ಬ ಪರಿವೀಕ್ಷಕರನ್ನು ಕಳುಹಿಸಿದಿರಿ. ಅವರು ಬಂದ ದಿನ ಗುಡ್ಡದ ಕಡೆಯಿಂದ ಎಂಥ ಗಾಳಿ ಬೀಸುತ್ತಿತ್ತೆಂದರೆ ಕಸದ ಡಬ್ಬಿಗಳು ರಸ್ತೆಯಲ್ಲಿ ಉರುಳಾಡುತ್ತಿದ್ದವು. ಅವರು ಕಾರಿನಿಂದ ಇಳಿದು, ಯಂತ್ರವನ್ನು ಎದೆಯ ಎತ್ತರಕ್ಕೆ ಹಿಡಿದು, ಆ ಗಾಳಿಯನ್ನು ಅಳೆದರು. "ಒಳಗೆ ಬನ್ನಿ ಸಾರ್, ನೆಲದ ಹತ್ತಿರ ಹಿಡೀರಿ" ಎಂದು ಬೇಡಿಕೊಂಡೆ. "ಖಾಸಗಿ ವಾಹನದ ಒಳಗೆ ಹೋಗೋದಕ್ಕೆ ನಮಗೆ ಅಧಿಕಾರ ಇಲ್ಲ" ಎಂದರು. ಹನ್ನೊಂದು ನಿಮಿಷದಲ್ಲಿ ಹೊರಟುಹೋದರು. ನಾಲ್ಕನೆಯ ದಿನ ನಿಮ್ಮ ಹಾಳೆ ಬಂತು: 'ಪ್ರಮಾಣವು ಮಿತಿಯೊಳಗಿದೆ. ಆತಂಕಕ್ಕೆ ಕಾರಣವಿಲ್ಲ.' ವರ್ನಾ ಅದನ್ನು ಚೌಕಟ್ಟು ಹಾಕಿಸಿ ಕೌಂಟರಿನ ಹಿಂದಿನ ಗೋಡೆಗೆ ನೇತುಹಾಕಿದಳು. ಅಧಿಕಾರಿಗಳೇ, ಬೀಸುವ ಬಿರುಗಾಳಿಯಲ್ಲಿ ವಿಷ ಹುಡುಕಿ ಸಿಗಲಿಲ್ಲವೆಂದು ಬರೆಯುವ ವಿದ್ಯೆಯನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೆ?

ಈಗ ನನ್ನ ಪಾಲಿನದ್ದನ್ನು ಹೇಳಬೇಕು. ಓಡೆಲ್‌ನದು ರಾತ್ರಿ ಪಾಳಿ; ನಿದ್ದೆಯೆಲ್ಲ ಹಗಲಿಗೆ. ಕಿಟಕಿಗಳಿಗೆ ದಪ್ಪ ಕಂಬಳಿ ಬಡಿದುಕೊಂಡು ಮಲಗುತ್ತಿದ್ದ. ಅಲಾರಂ ಅವನನ್ನು ದಿನಕ್ಕೆ ಮೂರು ಸಲ ಎಬ್ಬಿಸುತ್ತಿತ್ತು. ಫೆಬ್ರವರಿ ಹನ್ನೊಂದರ ಬೆಳಿಗ್ಗೆ ಕೆಂಪು ಕಣ್ಣು ಮಾಡಿಕೊಂಡು ನನ್ನ ಬಾಗಿಲಿಗೆ ಬಂದ.

"ಡ್ವೈಟ್, ನಿನ್ನೆ ವೆಲ್ಡಿಂಗ್ ಟಾರ್ಚ್ ಹಿಡ್ಕೊಂಡೇ ತೂಕಡಿಸಿದೆ. ಇನ್ನೊಂದು ಸಲ ಹಂಗಾದ್ರೆ ಕೈ ಸುಟ್ಕೋತೀನಿ, ಇಲ್ಲಾ ಕೆಲಸ ಕಳ್ಕೋತೀನಿ. ಆ ಪೆಟ್ಟಿಗೆ ತೆಗೆದುಬಿಡಿ."

"ಅದು ಸುಮ್ಮನೆ ಕೂಗಲ್ಲ ಮಾರಾಯ" ಎಂದೆ.

"ಸರ್ಕಾರದವರು ಏನೂ ಇಲ್ಲ ಅಂತ ಬರೆದುಕೊಟ್ಟಿದ್ದಾರಲ್ಲ! ಅವರಿಗಿಂತ ನೀವು ಜಾಸ್ತಿ ಓದಿದ್ದೀರಾ?"

ಅವರಿಗಿಂತ ಜಾಸ್ತಿ ನಾನು ಓದಿರಲಿಲ್ಲ. ಎಂಜಿನ್ ಒಂದು ವಿಚಿತ್ರ ಸದ್ದು ಮಾಡಿದರೆ ಮಕ್ಕಳನ್ನು ಹತ್ತಿಸಿಕೊಳ್ಳಬಾರದೆಂದು ಮೂವತ್ತೊಂದು ವರ್ಷ ಚಾಲಕರೊಡನೆ ಜಗಳವಾಡಿದವನು, ಆ ದಿನ ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ ಆ ಎರಡು ಸ್ಕ್ರೂ ಬಿಚ್ಚಿದೆ. ನನ್ನ ಕಣ್ಣು, ಕಿವಿ, ಅನುಭವ ಎಲ್ಲವೂ ಬೇಡ ಎಂದವು. ನಿಮ್ಮ ಹಾಳೆ ಹೂಂ ಎಂದಿತು.

ಫೆಬ್ರವರಿ ಇಪ್ಪತ್ತರ ಮಧ್ಯಾಹ್ನ ಗಾಳಿ ಪೂರ್ತಿ ನಿಂತುಹೋಗಿತ್ತು. ಫೆಬ್ರವರಿಯಲ್ಲಿ ಬೀಳಬಾರದಂಥ ಬಿಸಿಲು. ಎರಡು ಗಂಟೆಯ ಹೊತ್ತಿಗೆ ಓಡೆಲ್‌ನ ಗಾಡಿಯೊಳಗೆ ಅವನ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಮಾರಿಸೆಲಾ ಬಟ್ಟೆ ಒಣಹಾಕುತ್ತಿದ್ದವಳು ನನ್ನನ್ನು ಕೂಗಿದಳು: "ಡ್ವೈಟ್, ಅವರ ಮಗಳ ಫೋನ್ ಅದು, ಆ ಹಾಡು ಅವಳಿಗೇ ಇಟ್ಟಿರೋದು. ಅವಳ ಫೋನ್ ಯಾವತ್ತೂ ಬಿಡಲ್ಲ ಅವರು. ಬಾಗಿಲು ಒಡೀರಿ, ಒಡೀರಿ ಬೇಗ!"

ಚಕ್ರ ಬಿಚ್ಚುವ ಕಬ್ಬಿಣದ ಸಲಾಕೆಯಿಂದ ಬಾಗಿಲು ಮೀಟಿದೆ. ವಾಸನೆ ಏನೂ ಇರಲಿಲ್ಲ. ಅದರಿಂದಲೇ ಹೆಚ್ಚು ಹೆದರಿಕೆಯಾಯಿತು. ಓಡೆಲ್ ಮಂಚದಿಂದ ಕೆಳಗುರುಳಿ, ಬಾಗಿಲ ಕಡೆ ಒಂದು ಕೈ ಚಾಚಿ ಬಿದ್ದಿದ್ದ. ಮುಖ ಕೆಂಪಗೆ, ಆರೋಗ್ಯವಂತನ ಮುಖದ ಹಾಗಿತ್ತು. "ಉಸಿರು ಬಿಗಿಹಿಡಿದು ಹೋಗಿ, ಒಳಗೆ ಉಸಿರೆಳೆದುಕೊಂಡರೆ ನೀವೂ ಅಲ್ಲೇ!" ಎಂದು ಮಾರಿಸೆಲಾ ಕಿರುಚಿದಳು. ಇಬ್ಬರೂ ಸೇರಿ ಅವನ ಕಾಲು ಹಿಡಿದು ಮೆಟ್ಟಿಲ ಮೇಲಿಂದ ಎಳೆದೆವು. ಅವನ ತಲೆ ಪ್ರತಿ ಮೆಟ್ಟಿಲಿಗೂ ಬಡಿಯಿತು. ಆಂಬುಲೆನ್ಸ್ ಬರುವವರೆಗೆ ಅವಳು ಆ ಬೆಚ್ಚಗಿನ ಹುಲ್ಲಿನ ಮೇಲೆ ಮಂಡಿಯೂರಿ ಅವನ ಬಾಯಿಗೆ ಉಸಿರು ಕೊಟ್ಟಳು.

ಅವನ ಸ್ವಂತ ಹೀಟರಿನದೇ ದೋಷವೆಂದು ನಿಮ್ಮ ಎರಡನೆಯ ಹಾಳೆ ಹೇಳುತ್ತದೆ. ಆ ಹೀಟರನ್ನು ಅಂದೇ ನೋಡಿದವನು ನಾನು. ಸಿಲಿಂಡರಿನ ತಿರುಪು ಪೂರ್ತಿ ಬಿಗಿದಿತ್ತು, ಹೀಟರು ತಣ್ಣಗಿತ್ತು. ಕೊಳಚೆ ಪೈಪು ಇಳಿಯಲು ನೆಲದಲ್ಲಿ ಮುಷ್ಟಿಯಗಲದ ತೂತಿದೆ; ಅದರ ಬಳಿ ನನ್ನ ಅಲಾರಂ ಹಿಡಿದರೆ ಚೀರಿಕೊಂಡಿತು. ಮಾರಿಸೆಲಾ ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ನಿಮಗೆ ಕಳುಹಿಸಿದ್ದೇವೆ. ನೋಡಿದಿರಾ?

ಓಡೆಲ್ ಬದುಕಿದ್ದಾನೆ. ಅಷ್ಟು ಹೇಳಿದರೆ ನಿಮಗೆ ಸಮಾಧಾನವಾಗಬಹುದು, ಪೂರ್ತಿ ಕೇಳಿ. ಅವನ ಕೈ ನಡುಗುತ್ತದೆ, ಚಮಚ ಬಾಯಿಯವರೆಗೆ ಬರುವುದಿಲ್ಲ. ಹೇಳಿದ ಮಾತು ಹತ್ತು ನಿಮಿಷ ನಿಲ್ಲುವುದಿಲ್ಲ. ಆರ್ಲೀನ್‌ಳನ್ನು ಚಿಕಿತ್ಸೆಗೆ ಬಿಟ್ಟು ನಾನು ಅವನ ವಾರ್ಡಿಗೆ ಹೋಗುತ್ತೇನೆ. ಪ್ರತಿ ಸಲವೂ ಇದೇ ಮಾತು.

"ಡ್ವೈಟ್, ನನ್ನ ಗಾಡೀಲಿ ಅಲಾರಂ ಇತ್ತಲ್ಲ, ಯಾಕೆ ಕೂಗಲಿಲ್ಲ?"

"ನಾನೇ ಬಿಚ್ಚಿದ್ದೆ ಓಡೆಲ್."

ಒಮ್ಮೆ "ನಾನೇ ಹೇಳಿರಬೇಕು ಬಿಡಿ" ಎನ್ನುತ್ತಾನೆ. ಇನ್ನೊಮ್ಮೆ ಮುಖ ಗೋಡೆಗೆ ತಿರುಗಿಸುತ್ತಾನೆ. ಒಮ್ಮೆ ಮಾತ್ರ ನೀರಿನ ಲೋಟ ಎಸೆದ. ಮತ್ತೆ ಮರೆಯುತ್ತಾನೆ, ಮತ್ತೆ ಕೇಳುತ್ತಾನೆ. ನಾನು ಮತ್ತೆ ತಪ್ಪೊಪ್ಪಿಕೊಳ್ಳುತ್ತೇನೆ. ಇಲ್ಲಿಯವರೆಗೆ ಎಷ್ಟು ಸಲ ಒಪ್ಪಿಕೊಂಡೆನೋ ನನಗೇ ಲೆಕ್ಕ ತಪ್ಪಿದೆ. ನೀವು ಎಷ್ಟು ಸಲ ಒಪ್ಪಿಕೊಂಡಿರಿ?

ನಿಮ್ಮದೇ ದಾಖಲೆ ಕೋಣೆಯಲ್ಲಿ ಇಡೀ ಒಂದು ದಿನ ಕೂತಿದ್ದೆ. ಲವರ್ನ್ ಹೇಳಿದ್ದು ಅಕ್ಷರಶಃ ನಿಜ. ಮುಚ್ಚಿದ ಕಸದ ಗುಂಡಿಯ ನಕ್ಷೆ ಅಲ್ಲಿದೆ, ಆ ಆರು ಜಾಗಗಳು ಅದರ ನಟ್ಟನಡುವೆ. 'ಈ ಭೂಮಿಯಲ್ಲಿ ವಾಸದ ಕಟ್ಟಡಗಳನ್ನು ಕಟ್ಟತಕ್ಕದ್ದಲ್ಲ' ಎಂದು ಕೆಂಪು ಅಕ್ಷರದಲ್ಲಿದೆ. ಹಾಗಾದರೆ ನಾವು ಹೇಗೆ ಬಂದೆವು? ಅದಕ್ಕೂ ಒಂದು ಟಿಪ್ಪಣಿ ಇದೆ: ಆರ್‌ವಿಗಳಿಗೆ ಚಕ್ರ ಇರುವುದರಿಂದ ಅವು ಕಟ್ಟಡಗಳಲ್ಲ. ಅವುಗಳಲ್ಲಿ ಇರುವವರು ಹದಿನಾಲ್ಕು ದಿನದೊಳಗೆ ಹೋಗುವ ಅತಿಥಿಗಳಾದ್ದರಿಂದ ಅವರು ನಿವಾಸಿಗಳಲ್ಲ. ಕಟ್ಟಡವಲ್ಲದ್ದರಲ್ಲಿ ನಿವಾಸಿಯಲ್ಲದವನು ಮಲಗಿದರೆ ಅಪಾಯ ಯಾರಿಗೆ? ಯಾರಿಗೂ ಇಲ್ಲ! ಎಷ್ಟು ಚೊಕ್ಕಟವಾದ ತರ್ಕ! ವರ್ನಾ ಹದಿನಾಲ್ಕು ದಿನಕ್ಕೊಮ್ಮೆ ನಮ್ಮಿಂದ ಹೊಸ ಚೀಟಿಗೆ ಸಹಿ ಹಾಕಿಸುವುದು ಏಕೆಂದು ಆಗ ತಿಳಿಯಿತು. ನಿಮ್ಮ ಕಾನೂನಿನ ಕಣ್ಣಿನಲ್ಲಿ ನನ್ನ ಹೆಂಡತಿ ಪ್ರತಿ ಹದಿನೈದನೆಯ ದಿನ ಇದೀಗ ಬಂದಿಳಿದ, ಇನ್ನೂ ಒಂದು ಉಸಿರೂ ಎಳೆಯದ ಹೊಸ ಹೆಂಗಸು. ಅವಳ ಶ್ವಾಸಕೋಶಕ್ಕೆ ಈ ನಿಯಮ ಯಾರಾದರೂ ತಿಳಿಸಿದ್ದಾರೆಯೇ?

ಕಳೆದ ವಾರ ಮೂವತ್ತೆರಡು ಮತ್ತು ಮೂವತ್ತಮೂರರ ನಡುವೆ ನೆಲ ಬಿರುಕು ಬಿಟ್ಟಿತು. ನನ್ನ ತೋಳು ಮೊಣಕೈಯವರೆಗೆ ಇಳಿಯುವಷ್ಟು ಆಳ. ಒಳಗಿನ ಮಣ್ಣು ಆಗತಾನೆ ಒಲೆಯಿಂದ ಇಳಿಸಿದ ಪಾತ್ರೆಯಂತಿತ್ತು, ಕೈ ಹಿಂದೆಗೆದುಕೊಂಡೆ. ವರ್ನಾ ಎರಡು ಗಾಡಿ ಜಲ್ಲಿ ತರಿಸಿ ಅದನ್ನು ಮುಚ್ಚಿಸಿದಳು. ಓಡೆಲ್‌ನ ಗಾಡಿಯನ್ನು ಎಳೆಸಿ ಬೇಲಿಯ ಆಚೆ ನಿಲ್ಲಿಸಿದ್ದಾರೆ. ನಿನ್ನೆ ಮಧ್ಯಾಹ್ನ ಮೂವತ್ತಮೂರಕ್ಕೆ ಹೊಸಬರು ಬಂದರು: ಕ್ಯಾನ್ಸಸ್‌ನ ಗಂಡ ಹೆಂಡತಿ, ಹೃದಯದ ಶಸ್ತ್ರಚಿಕಿತ್ಸೆ ಆಗಬೇಕಾದ ಆರು ತಿಂಗಳ ಮಗಳು. ನಾನು ಓಡಿಹೋಗಿ ಎಲ್ಲ ಹೇಳಿದೆ. ಗಂಡ ಸೌಜನ್ಯದ ಮನುಷ್ಯ, ಪೂರ್ತಿ ಕೇಳಿಸಿಕೊಂಡ.

"ಆಫೀಸಿನಲ್ಲಿ ಸರ್ಟಿಫಿಕೇಟ್ ನೋಡಿದ್ವಿ ಯಜಮಾನ್ರೇ, ಸರ್ಕಾರದ್ದೇ ಸಹಿ ಇದೆ" ಎಂದ.

"ಜಾಗ ಎಷ್ಟು ಬೆಚ್ಚಗಿದೆ ನೋಡಿ, ಪಾಪೂಗೆ ಒಳ್ಳೇದೇ ಆಯ್ತು" ಎಂದು ಅವನ ಹೆಂಡತಿ ಮಗುವನ್ನು ಹುಲ್ಲಿನ ಮೇಲೆ ಹಾಸಿದ ಕಂಬಳಿಯಲ್ಲಿ ಮಲಗಿಸಿದಳು.

ನಾನು ಬೇಡಿಕೊಂಡೆ. ಅವಳ ಕಣ್ಣಲ್ಲಿ ನಾನೊಬ್ಬ ತಲೆಕೆಟ್ಟ ಮುದುಕ. ಕೊನೆಗೆ ಮಾರಿಸೆಲಾ ತನ್ನ ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದು ಮಾತಾಡಿದ ಮೇಲೆ ಇವತ್ತೊಂದು ದಿನ ಗಾಡಿಯನ್ನು ಗೇಟಿನ ಬಳಿಗೆ ಸರಿಸಿದ್ದಾರೆ. ನಾಳೆ ಗೇಟಿನ ಬಳಿಯ ಆ ಜಾಗ ಬೇರೆಯವರಿಗೆ ಬುಕ್ ಆಗಿದೆ ಎಂದು ವರ್ನಾ ಎಚ್ಚರಿಸಿದ್ದಾಳೆ. ಮೂವತ್ತಮೂರಕ್ಕೆ ಮರಳದಿದ್ದರೆ ಹೊರಡಬೇಕಂತೆ. ಎಲ್ಲಿಗೆ ಹೊರಡುತ್ತಾರೆ? ಮಗುವಿನ ಶಸ್ತ್ರಚಿಕಿತ್ಸೆ ಸೋಮವಾರ.

ಆದ್ದರಿಂದ ನಾನು ಕೇಳುವುದು ಇಷ್ಟು. ನಾಳೆ ಬೆಳಿಗ್ಗೆ ಕಚೇರಿ ತೆರೆದ ಕೂಡಲೇ ಆ ಆರು ಜಾಗಗಳನ್ನು ಮುಚ್ಚಿಸಿ. ಗೋಡೆಯ ಮೇಲಿನ ನಿಮ್ಮ ಹಾಳೆಯನ್ನು ನೀವೇ ಬಂದು, ನಿಮ್ಮ ಕೈಯಾರೆ ಕಿತ್ತುಹಾಕಿ. ನೆಲ ಕೊರೆದು ಅಳೆಯುವವರನ್ನು ಗಾಳಿಯಿಲ್ಲದ ದಿನ ಕಳುಹಿಸಿ. ಇಲ್ಲಿರುವ ಇಪ್ಪತ್ತಮೂರು ಗಾಡಿಗಳಿಗೆ, ಅವು ಎಷ್ಟೇ ಹಳೆಯವಾಗಿರಲಿ, ಆಸ್ಪತ್ರೆಗೆ ಹೋಗಿಬರುವಷ್ಟು ದೂರದಲ್ಲಿ ತಣ್ಣಗಿನ ನೆಲ ಕೊಡಿಸಿ. ಇದು ಆಗುವವರೆಗೆ ನಾನು ಗೇಟಿನಲ್ಲಿ ನಿಂತು ಒಳಬರುವ ಪ್ರತಿಯೊಂದು ಗಾಡಿಯನ್ನೂ ತಡೆಯುತ್ತೇನೆ, ಬಂಧಿಸುವುದಾದರೆ ಬಂಧಿಸಿ. ಈ ಪತ್ರ ಬರೆಯುತ್ತಿರುವಾಗ ಬೀಸುತ್ತಿದ್ದ ಗಾಳಿ ಈಗಷ್ಟೇ ನಿಂತಿತು. ದಯವಿಟ್ಟು ತಡಮಾಡಬೇಡಿ.

ಇಂತಿ,
ಸದ್ಯಕ್ಕೆ ಉಸಿರಾಡುತ್ತಿರುವ
ಡ್ವೈಟ್ ಹಾಸೆನ್‌ಕ್ಯಾಂಪ್