ಎಳೆದಷ್ಟೂ ಬಿಗಿಯುವ ಹಿಡಿತ

ಇಸವಿ ಎರಡು ಸಾವಿರದ ನೂರ ಎಂಬತ್ತೊಂಬತ್ತು, ಹದಿಮೂರನೆಯ ತಿಂಗಳಾದ ಬೇಗೆಯ ಹದಿನಾರನೆಯ ದಿನ, ಸೋಮವಾರ
ಕೋಲಾರದ ಹಳೆಯ ಗಣಿ, ಮೂರನೆಯ ಅಂತಸ್ತು

ನೂರೈವತ್ತು ವರ್ಷ ಹಿಂದಿರುವವರಿಗೆ,

ಬಿಸಿಲು ಹೆಚ್ಚಾದ ಮೇಲೆ ನಾವು ನಿಮ್ಮ ತಿಂಗಳುಗಳನ್ನು ತುಸು ಕತ್ತರಿಸಿ ಬೇಗೆ ಎಂದು ಇನ್ನೊಂದನ್ನು ಮಾಡಿಕೊಂಡೆವು. ಆ ತಿಂಗಳು ಯಾರೂ ನೆಲದ ಮೇಲೆ ಹೋಗುವುದಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು. ನಯವಾಗಿ ಬರೆಯಲು ಬಾರದು, ಈಗ ಅದಕ್ಕೆ ಹೊತ್ತೂ ಇಲ್ಲ. ಹೊರಗೆ ಬಾಗಿಲು ಬಡಿಯುತ್ತಿದ್ದಾರೆ.

ಈ ಸುರಂಗದಲ್ಲಿ ಸಾವಿರದ ನೂರು ಜನ ಇದ್ದೇವೆ. ಮೇಲಿನ ತೊಟ್ಟಿಯಿಂದ ನೀರು ತೊಗಲುಕೊಳವೆಯಲ್ಲಿ ಇಳಿಯುತ್ತದೆ. ಅದು ಲೋಹದ್ದಲ್ಲ, ಬಳ್ಳಿಯಂತೆ ಬೆಳೆಸಿದ ಜೀವಂತ ಕೊಳವೆ. ಬಿರುಕು ಬಿಟ್ಟರೆ ತಾನೇ ಮಾಯುತ್ತದೆ. ಒಳಮೈಗೆ ಸಕ್ಕರೆಯ ತೆಳು ಪದರ. ಬೆಳಿಗ್ಗೆ ಎದ್ದವರು ಅದರ ಮೈ ಮುಟ್ಟಿ, ಬಿಸಿಯಾಗಿದ್ದರೆ ಒದ್ದೆ ಗೋಣಿ ಹೊದಿಸುತ್ತಾರೆ. ಸೋಮವಾರ ಬಿರುನೀರು, ಅಂದರೆ ನೀರು ಬಿಡುವ ಕೀಲನ್ನು ಪೂರ್ತಿ ತಿರುಗಿಸಿ ರಭಸದ ನೀರಿನಿಂದ ಕೊಳವೆ ತೊಳೆಯುವುದು. ಮೂವತ್ತೊಂದು ವರ್ಷ ಆ ಕೀಲು ತಿರುಗಿಸಿದ್ದು ಈ ಕೈ. ಜಂಬವೂ ಇತ್ತು. ನಿಯಮ ನಿಮ್ಮದೇ; ನಿಮ್ಮ ಕಾಲದ ಕೈಪಿಡಿಯಲ್ಲಿದೆ: ಕೊಳವೆ ಕೊಳೆಯಾದರೆ ಒತ್ತಡ ಹೆಚ್ಚಿಸಿ. ಕಬ್ಬಿಣಕ್ಕೆ ಬರೆದದ್ದನ್ನು ನಾವು ತೊಗಲಿಗೂ ಓದಿಕೊಂಡೆವು.

ಈ ಬೇಗೆಯಲ್ಲಿ ಜ್ವರ ಬಂತು. ನಾಲ್ವರು ಹೋದರು. ನನ್ನ ಮೊಮ್ಮಗಳು ಸೊಣ್ಣಮ್ಮ ದವಾಖಾನೆಯಲ್ಲಿ ಸೂಕ್ಷ್ಮದರ್ಶಕ ನೋಡುವವಳು. ಕೊಳವೆಯ ಚೂರೊಂದನ್ನು ನೋಡಿ ಓಡಿಬಂದಳು. “ಅಜ್ಜಿ, ಜ್ವರದ ಕ್ರಿಮಿ ಕೊಳವೇಲೇ ಅದೆ. ಅದಕ್ಕೆ ಮೈತುಂಬ ಕೂದ್ಲು. ತುದೀಲಿ ಪ್ರೋಟೀನಿನ ಕೊಕ್ಕೆ, ಸಕ್ಕರೇನ ಹಿಡ್ಕೊಂಡಿರ್ತದೆ. ನೀರು ಸುಮ್ನಿದ್ರೆ ಹಿಡಿತ ಸಡ್ಲ, ತಾನೇ ಬಿಡ್ತದೆ. ನೀರು ಎಳೀತೋ, ಕೊಕ್ಕೆ ಆಕಾರನೇ ಬದಲಾಗಿ ಬಿಗೀತದೆ, ಜೀರುಕುಣಿಕೆ ಹಂಗೆ. ಬಿರುನೀರು ಬೇಡ ಅಜ್ಜಿ.” “ನಿನ್ನ ಗಾಜಿನ ತುಂಡು ನಂಗೆ ಕೀಲು ತಿರುಗ್ಸೋದು ಕಲಿಸ್ತದಾ? ಹೋಗೇ,” ಎಂದೆ. ಆ ಸೋಮವಾರ ಹಟಕ್ಕೆ ಎರಡು ಸುತ್ತು ಹೆಚ್ಚಿಗೆ ತಿರುಗಿಸಿದೆ. ಗುರುವಾರ ಅವಳೇ ಮಲಗಿದಳು.

ಈಗ ಅವಳ ಮೂತ್ರಪಿಂಡ ಸೋತಿದೆ. ಸಂಜೆಯೊಳಗೆ ಯಂತ್ರದಿಂದ ರಕ್ತ ತೊಳೆಯಬೇಕು, ಆ ಯಂತ್ರಕ್ಕೂ ಈ ಕೊಳವೆಯ ನೀರೇ ಗತಿ. ಗೋಡೆ ಕಚ್ಚಿದ ಕ್ರಿಮಿ ಬೆಳೆದು ಗಡ್ಡೆಯಾಗಿ ಕಳಚಿದರೆ ಯಂತ್ರದ ಸೋಸುಬಟ್ಟೆ ತಡೆಯದು. ಅದು ಈಗಲೇ ತಾನಾಗಿ ಹಿಡಿತ ಬಿಡಲೆಂದು ಬೆಳಿಗ್ಗೆ ಕೀಲುಕೋಣೆಗೆ ಅಗುಳಿ ಹಾಕಿ ನೀರು ನಿಲ್ಲಿಸಿದೆ. ಮೂರು ಗಂಟೆಯಾಯಿತು. ಅಂತಸ್ತಿನ ಯಜಮಾನ ಕದಿರಪ್ಪ ಹೊರಗೆ ಅರಚುತ್ತಿದ್ದಾನೆ: “ಜನ ಬಾಯಾರಿ ಸಾಯ್ತಾವ್ರೆ, ತೆಗಿಯಮ್ಮೋ! ಮುದುಕಿಗೆ ತಲೆ ಕೆಟ್ಟೈತೆ, ಹಾರೆ ತಗಂಬರ್ರೋ!” “ಬಾಯಿ ಮುಚ್ಕಂಡ್ರೆ ಅರ್ಧ ದಾಹ ಹೋಗ್ತದೆ ಕಣೋ,” ಎಂದೆ. ಅಂದು, ಅಗುಳಿಯನ್ನು ಇನ್ನೊಮ್ಮೆ ಒತ್ತಿ ನೋಡಿದೆ. ಹುಡುಗಿ ನೋಡಿದ್ದು ತಪ್ಪಾಗಿದ್ದರೆ?

ಕೊಳೆನೀರು ಹರಿದುಹೋಗುವ ಹೊರತೂಬನ್ನು ಬೆರಳಗಲ ತೆರೆದಿದ್ದೇನೆ. ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ, ಲೋಳೆಲೋಳೆಯಾಗಿ ಬರುತ್ತಿದೆ. ಬಿರುನೀರು ಯಾವಾಗಲೂ ತಿಳಿಯಾಗಿಯೇ ಬರುತ್ತಿತ್ತು. ಕೊಳವೆ ಚೊಕ್ಕವಾಯಿತೆಂದು ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಕಚ್ಚಿ ಕುಳಿತದ್ದು ಹೊರಗೆ ಹೇಗೆ ಬರಬೇಕು?

ಬಾಗಿಲಿನ ಮೇಲಿನ ತಿರುಪು ಉದುರಿತು. ನೀರು ತಿಳಿಯಾಗುವವರೆಗೆ ಈ ಕೀಲಿನ ಮೇಲಿಂದ ನಾನು ಏಳುವುದಿಲ್ಲ. ಕೈಪಿಡಿ ಬರೆಯುವವರೇ, ಒತ್ತಡ ಹೆಚ್ಚಿಸಿ ಎಂಬ ಸಾಲಿನ ಕೆಳಗೆ ಇನ್ನೊಂದು ಸಾಲು ಬರೆಯಿರಿ: ಕೊಳವೆಗೆ ಜೀವವಿದ್ದರೆ ಮೊದಲು ನೀರು ನಿಲ್ಲಿಸಿ, ಕಾಯಿರಿ. ಬರೆದರೆ ಸೊಣ್ಣಿ ಇಂದು ಮಲಗಿರುವುದಿಲ್ಲ, ನಾನು ಈ ಕಾಗದ ಬರೆಯುವುದೂ ಇಲ್ಲ. ಇದು ನಿಮಗೆ ತಲುಪಲಿ, ಆಮೇಲೆ ಇಲ್ಲದಂತಾಗಲಿ.

ಗಂಗುಲಮ್ಮ
ಕೀಲು ಕಾಯುವವಳು