'ಆದರೆ ಮೇಷ್ಟ್ರು' ಗೆದ್ದ ವಾದ

ಭಾನುವಾರ, ಜುಲೈ ೧೪

ನನ್ನ ವಕೀಲಮ್ಮನಿಗೆ,

ಅಪ್ಪನ ಆಶೀರ್ವಾದ. ನೀನು ಚಿಕ್ಕಮ್ಮನ ಮನೆ ಸೇರಿ ಇಷ್ಟು ದಿನವಾದರೂ ನನ್ನಿಂದ ಒಂದು ಸಾಲು ಬರಲಿಲ್ಲವೆಂದು ಬೇಜಾರಾಗಿದ್ದರೆ ಆಗಲಿ, ಆಗಬೇಕಾದದ್ದೇ. ಬರೆಯಲು ಕೂತಾಗಲೆಲ್ಲ ಎರಡನೆಯ ಸಾಲಿಗೇ ಒಂದು 'ಆದರೆ' ಬಂದು ಕೂರುತ್ತಿತ್ತು. ಹರಿದು ಹಾಕುತ್ತಿದ್ದೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನಾನು ಸುಮ್ಮನಿರುತ್ತೇನೆಯೇ, ಮಧ್ಯೆ ಬಾಯಿ ಹಾಕುತ್ತೇನೆ. ಕಾಗದವಾದರೆ ಬೇಡವೆನಿಸಿದಲ್ಲಿ ಮಡಿಸಿಡಬಹುದು. ಅಷ್ಟು ಅನುಕೂಲವಾದರೂ ನಿನಗಿರಲಿ.

ಅಮ್ಮ ಆರೋಗ್ಯವಾಗಿದ್ದಾಳೆ. ನನ್ನ ಜೊತೆ ಮಾತು ಮಾತ್ರ ಅಷ್ಟಕ್ಕಷ್ಟೆ. ಬಡಿಸುತ್ತಾಳೆ, ಒಳಗೆ ಹೋಗುತ್ತಾಳೆ. ನಿನ್ನ ಕೋಣೆಯ ಕಿಟಕಿಯ ಚಿಲಕ ಕೊನೆಗೂ ರಿಪೇರಿಯಾಯಿತು. ನೀನು ಹೇಳಿ ಹೇಳಿ ಸುಸ್ತಾಗಿದ್ದೆ, ಅದು ಯಾಕೆ ಅಷ್ಟು ಅವಸರದ ಕೆಲಸವಲ್ಲ ಎಂದು ನಾನು ಪ್ರತಿ ಸಲ ಸಾಧಿಸಿ ತೋರಿಸುತ್ತಿದ್ದೆ. ಬಡಗಿ ಬಂದವನು ನಾನು ಚಪ್ಪಲಿ ಹುಡುಕಿಕೊಂಡು ಮೇಲೆ ಹೋಗುವಷ್ಟರಲ್ಲಿ ಮುಗಿಸಿಬಿಟ್ಟಿದ್ದ. ನಿನ್ನ ಬೆಕ್ಕು ಮುದಿಯಾಗಿದೆ. ಊಟದ ಮೇಜಿನ ಹತ್ತಿರ ನಿನ್ನ ಕುರ್ಚಿಯಲ್ಲೇ ಮಲಗುತ್ತದೆ, ಓಡಿಸಲು ಹೋದರೆ ನನ್ನನ್ನೇ ದುರುಗುಟ್ಟಿ ನೋಡುತ್ತದೆ.

ಆ ಬೆಕ್ಕು ಈ ಮನೆಗೆ ಬಂದದ್ದು ನೆನಪಿದೆಯಲ್ಲವೇ? ನಮ್ಮ ಮನೆಯ ಕಾನೂನು ನನ್ನದೇ ಕಿತಾಪತಿ. ಯಾರಿಗೆ ಏನು ಬೇಕಾದರೂ ಮೊದಲು ಎದುರು ಪಕ್ಷದ ವಾದವನ್ನು ಎದುರು ಪಕ್ಷದವರಿಗಿಂತ ಚೆನ್ನಾಗಿ ಹೇಳಬೇಕು, ಆಮೇಲೆ ಅದಕ್ಕೆ ಉತ್ತರ ಕೊಡಬೇಕು, ಆಮೇಲೆ ಕೇಳಬೇಕು. ಶಾಲೆಯಲ್ಲಿ ಚರ್ಚಾಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಪದ್ಧತಿಯನ್ನೇ ಎತ್ತಿ ಊಟದ ಮೇಜಿಗೆ ತಂದಿದ್ದೆ. ಅಲ್ಲಿ ಮಕ್ಕಳು ಬೆನ್ನ ಹಿಂದೆ ನನ್ನನ್ನು 'ಆದರೆ ಮೇಷ್ಟ್ರು' ಎನ್ನುತ್ತಿದ್ದರು, ಇಲ್ಲಿ ನಿನ್ನ ಅಮ್ಮ ಎದುರಿಗೇ ಎನ್ನುತ್ತಿದ್ದಳು. ನೀನು ಚೋಟುದ್ದ ಇದ್ದೆ. ಕುರ್ಚಿಯ ಮೇಲೆ ನಿಂತು, ಸೊಂಟಕ್ಕೆ ಕೈ ಕೊಟ್ಟು ಶುರು ಮಾಡಿದೆ: "ಬೆಕ್ಕು ಬೇಡ ಅಂತಾರೆ ಅಪ್ಪ. ಯಾಕಂದ್ರೆ ಅದು ಹಾಲು ಕದಿಯತ್ತೆ, ಪರದೆ ಹರಿಯತ್ತೆ. ಇವೆರಡೂ ಬರೀ ನೆಪ. ಬೆಕ್ಕು ಬಂದ್ರೆ ನಾನು ಅಪ್ಪನ ತೊಡೆ ಮೇಲೆ ಕೂರಲ್ಲ ಅಂತ ಅವರಿಗೆ ಹೊಟ್ಟೆಕಿಚ್ಚು. ಅದನ್ನ ಮಾತ್ರ ಅವರು ಹೇಳಲ್ಲ!" ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ಸೋತೆ. ಬೆಕ್ಕು ಬಂತು, ನೀನು ಅದಕ್ಕೆ ತೀರ್ಪು ಎಂದು ಹೆಸರಿಟ್ಟೆ, ನಾನು ನಿನಗೆ ವಕೀಲಮ್ಮ ಎಂದು ಇಟ್ಟೆ.

ಈಗ ಆ ಸಂಜೆಯ ಮಾತಿಗೆ ಬರುತ್ತೇನೆ, ಸುತ್ತಿ ಬಳಸಿದ್ದು ಸಾಕು.

ಕಟ್ಟಿಸಿಕೊಳ್ಳುವ ಹಲ್ಲು ತಯಾರಿಸುವ ಆ ಕಾರ್ಯಾಗಾರಕ್ಕೆ ನೀನು ಕೆಲಸ ಕಲಿಯಲು ಸೇರಿದಾಗ ನನಗೆಷ್ಟು ಹೆಮ್ಮೆ ಇತ್ತು! ಮೊದಲ ಸಲ ರಜೆಗೆ ಬಂದಾಗ ಮೇಣದಲ್ಲಿ ಒಂದು ದವಡೆ ಹಲ್ಲು ಕೊರೆದು ತಂದು ನನ್ನ ಅಂಗೈಯಲ್ಲಿಟ್ಟಿದ್ದೆ. ಎರಡನೆಯ ಸಲ ಬರಿಗೈಯಲ್ಲಿ ಬಂದೆ. ರಜೆ ಮುಗಿಯುವ ಸಂಜೆ ಊಟಕ್ಕೆ ಕೂತಾಗ "ಅಪ್ಪ, ನಾನು ವಾಪಸ್ ಹೋಗಲ್ಲ" ಎಂದೆ. ನಾನು ತಟ್ಟೆಯಿಂದ ತಲೆಯೆತ್ತದೆ "ಕಾರಣ?" ಎಂದೆ.

ನೀನು ಮೂರು ಕಾರಣ ಕೊಟ್ಟೆ. ಅಚ್ಚು ಹಾಕುವ ಸುಣ್ಣದಂಥ ಪುಡಿಯಿಂದ ಕೆಮ್ಮು ಬರುತ್ತದೆ. ಉಳಿದುಕೊಂಡಿರುವ ರೂಮು ದೂರ. ಸಂಜೆ ತಡವಾಗುತ್ತದೆ, ಎಲ್ಲರೂ ಹೋದ ಮೇಲೂ ಯಜಮಾನರು ನಿನ್ನನ್ನು ಉಳಿಸಿಕೊಳ್ಳುತ್ತಾರೆ. ನಾನು ಕೈ ತೊಳೆದು ಬಂದು ಅಂಗಿಯ ತೋಳು ಮಡಚಿ ಕೂತೆ. ಪುಡಿಗೆ ಮೂಗಿಗೆ ಬಟ್ಟೆ ಕಟ್ಟಿಕೋ ಎಂದೆ. ರೂಮು ಬದಲಿಸು ಎಂದೆ. ಮೂರನೆಯದಕ್ಕೆ ಬಂದಾಗ ನನಗೆ ಹುರುಪೇ ಹುರುಪು. "ಕೈಲಾಗದವರನ್ನ ಯಾರಾದ್ರೂ ಉಳಿಸ್ಕೊಳ್ತಾರಾ? ಬೇರೆಯವರನ್ನೆಲ್ಲ ಕಳಿಸಿ ನಿನ್ನೊಬ್ಬಳನ್ನೇ ಇರು ಅಂತಾರೆ ಅಂದ್ರೆ ನಿನ್ನ ಕೆಲಸದ ಮೇಲೆ ಅವರಿಗೆ ಅಷ್ಟು ಭರವಸೆ. ನಿನ್ನ ಮೂರನೇ ಕಾರಣ ನನ್ನ ಪಕ್ಷಕ್ಕೆ ಸಾಕ್ಷಿ, ವಕೀಲಮ್ಮ!" ಎಂದು ಮೇಜು ಕುಟ್ಟಿದೆ. ನೀನು ಲೋಟದ ನೀರನ್ನು ಪೂರ್ತಿ ಕುಡಿದು, "ಸರಿ ಅಪ್ಪ, ನೀವು ಗೆದ್ರಿ" ಎಂದು ಎದ್ದು ಹೋದೆ. ಮರುದಿನ ನಾನೇ ಬಸ್ಸು ಹತ್ತಿಸಿದೆ.

ಅದನ್ನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ಮೆರೆದೆ ಕಣೇ. ಗಣಿತದ ಮೇಷ್ಟ್ರು, "ನಿಮ್ಮ ಮನೇಲಿ ಹುಟ್ಟೋಕೂ ಕಾರಣ ಕೊಡ್ಬೇಕೇನ್ರೀ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆಮೇಲೆ ಚಿಕ್ಕಮ್ಮನ ಫೋನು. ಬೆಳಿಗ್ಗೆ ಕೆಲಸದ ಮಧ್ಯೆ ಎದ್ದು, ಏಪ್ರನ್ ಕೂಡ ಬಿಚ್ಚದೆ ಅವಳ ಮನೆ ಬಾಗಿಲಿಗೆ ಬಂದೆಯಂತೆ. ಮೇಣ ತಿದ್ದುವುದನ್ನು ತೋರಿಸುತ್ತೇನೆಂದು ಸಂಜೆ ಎಲ್ಲರೂ ಹೋದ ಮೇಲೆ ಆ ಯಜಮಾನ ಬಾಗಿಲು ಹಾಕಿ ನಿನ್ನ ಹಿಂದೆ ಬಂದು ನಿಲ್ಲುತ್ತಿದ್ದನಂತೆ, ನಿನ್ನ ಕೈಯ ಮೇಲೆ ಕೈ ಇಟ್ಟು... ಮುಂದಿನದನ್ನು ಅಮ್ಮ ನನಗೆ ಹೇಳಿದ್ದಾಳೆ, ನಾನು ಬರೆಯಲಾರೆ. ಅಂದು ಫೋನಿಟ್ಟು ಅಮ್ಮ ಕೇಳಿದಳು, "ಅವಳು ಅಷ್ಟು ಹೇಳಿದಾಗ ಇನ್ನೊಂದು ಮಾತು ಕೇಳ್ಬೇಕು ಅಂತ ನಿಮಗೆ ಅನ್ನಿಸ್ಲೇ ಇಲ್ವಾ?" ನಾನು ರೇಗಿದೆ. "ಅವಳು ಬಾಯಿ ಬಿಟ್ಟು ಹೇಳದಿದ್ರೆ ನನಗೆ ಹೇಗೆ ಗೊತ್ತಾಗ್ಬೇಕು?" ಎಂದೆ. ಅಂದಿನಿಂದ ಅವಳು ಒಳಗೆ ಕೂತು ಊಟ ಮಾಡುತ್ತಾಳೆ.

ಮೊನ್ನೆ ತರಗತಿಯಲ್ಲಿ ಇನ್ನೊಂದು ನಡೆಯಿತು. ಶಾಲೆಗೆ ಫೋನು ತರಲು ಬಿಡಬೇಕೆಂದು ಒಬ್ಬಳು ಹುಡುಗಿ ಬರೆದಿದ್ದ ಪ್ರಬಂಧವನ್ನು ಎಲ್ಲರಿಗೂ ಓದಿಸಿ ಪ್ರತಿವಾದ ಕಟ್ಟಿಸುತ್ತಿದ್ದೆ. ಪ್ರತಿ ವರ್ಷ ಹೇಳುವುದನ್ನೇ ಹೇಳಿದೆ: "ಬರೆದದ್ದನ್ನು ಓದಿದರೆ ಸಾಲದು, ಬರೆಯದೆ ಬಿಟ್ಟದ್ದನ್ನೂ ಓದಬೇಕು. ಬುದ್ಧಿವಂತರು ಸಾಲಾಗಿ ಬಡಪಾಯಿ ಕಾರಣಗಳನ್ನೇ ಕೊಟ್ಟರೆ, ಗಟ್ಟಿ ಕಾರಣ ಎಲ್ಲೋ ಹಿಂದೆ ಅವಿತಿದೆ ಅಂತ ತಿಳೀರಿ." ಹಿಂದಿನ ಬೆಂಚಿನವಳೊಬ್ಬಳು ಎದ್ದು, "ಅವಿತಿರೋದು ಗೊತ್ತಾದ್ರೆ ಏನು ಮಾಡ್ಬೇಕು ಸಾರ್?" ಎಂದಳು. ಅದಕ್ಕೂ ನನ್ನಲ್ಲಿ ಸಿದ್ಧ ಉತ್ತರವಿದೆ, ನೀನೂ ನನ್ನ ವಿದ್ಯಾರ್ಥಿನಿ, ನಿನಗೆ ಬಾಯಿಪಾಠ: "ಸ್ಪರ್ಧೆಯಲ್ಲಾದರೆ ಅದನ್ನ ಕೆಣಕಬೇಡಿ. ಕೆಣಕಿದರೆ ಅದು ಹೊರಗೆ ಬರತ್ತೆ, ನೀವು ಸೋಲ್ತೀರಿ." ಅರ್ಧ ಹೇಳಿದೆ. ಮಿಕ್ಕರ್ಧ ಬಿಟ್ಟು ತಿರುಗಿ ನಿಂತೆ. ಬೋರ್ಡು ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ಮಕ್ಕಳು ಮೇಷ್ಟ್ರಿಗೆ ಹುಷಾರಿಲ್ಲವೆಂದುಕೊಂಡು ನೀರು ತಂದುಕೊಟ್ಟರು.

ನಿನ್ನ ಜಾಗಕ್ಕೆ ಆಗಲೇ ಇನ್ನೊಬ್ಬ ಹುಡುಗಿ ಸೇರಿದ್ದಾಳಂತೆ, ಅದನ್ನು ನೆನೆದು ನೀನು ಸರಿಯಾಗಿ ಉಣ್ಣುತ್ತಿಲ್ಲವಂತೆ. ದೂರು ಕೊಡು ಎಂದು ಚಿಕ್ಕಮ್ಮ ಒತ್ತಾಯ ಮಾಡಿದ್ದಕ್ಕೆ ನೀನು ಹೇಳಿದ್ದನ್ನೂ ಅವಳು ತಿಳಿಸಿದಳು. "ಅವರು ಏನೇನು ಕೇಳ್ತಾರೆ ಅಂತ ನಂಗೆ ಮೊದ್ಲೇ ಗೊತ್ತು ಚಿಕ್ಕಮ್ಮ. ಯಾರು ನೋಡಿದ್ರು? ಆಗ್ಲೇ ಯಾಕೆ ಹೇಳ್ಲಿಲ್ಲ? ಅಷ್ಟು ಹಿಂಸೆ ಇದ್ದಿದ್ರೆ ರಜೆ ಮುಗಿಸ್ಕೊಂಡು ಮತ್ತೆ ಯಾಕೆ ಹೋದೆ? ಎಲ್ಲಾದಕ್ಕೂ ಉತ್ತರ ಇದೆ, ಕೊನೇದಕ್ಕೆ ಮಾತ್ರ ನನ್ನ ಹತ್ರ ಇಲ್ಲ" ಎಂದೆಯಂತೆ. ಎದುರು ಪಕ್ಷದ ವಾದವನ್ನು ಅವರಿಗಿಂತ ಚೆನ್ನಾಗಿ ಹೇಳಲು ಕಲಿಸಿದವನು ನಾನೇ. ಆ ಪಾಪಿ ಬಾಯಿ ತೆರೆಯುವ ಮುಂಚೆಯೇ ಅವನ ಪರವಾಗಿ ನೀನೇ ವಾದ ಮಾಡಿ ನೀನೇ ಸೋಲುತ್ತಿದ್ದೀಯ. ಎಂಥ ವಿದ್ಯೆ ಕಲಿಸಿಬಿಟ್ಟೆ ಮಗಳೇ.

ಮನೆಗೆ ಬಾ. ಬರದಿದ್ದರೂ ಸರಿ, ಫೋನೆತ್ತಿ ಅಮ್ಮನ ಜೊತೆಯಾದರೂ ಮಾತಾಡು. ನೀನು ಬಂದರೆ ನಾನು ಯಾವ ಕಾರಣವನ್ನೂ ಕೇಳುವುದಿಲ್ಲ. ಮಲಗಬೇಕೆನಿಸಿದರೆ ಮಲಗು, ಹಲ್ಲು ಕೊರೆಯುವ ಕೆಲಸ ಇನ್ನು ಮುಟ್ಟುವುದೇ ಇಲ್ಲವೆಂದರೆ ಮುಟ್ಟಬೇಡ. ಬೆಕ್ಕನ್ನು ಆ ಕುರ್ಚಿಯಿಂದ ಎಬ್ಬಿಸುವ ಧೈರ್ಯ ನಿನಗೊಬ್ಬಳಿಗೇ ಇರುವುದು.

ಹೊಟ್ಟೆ ತುಂಬ ಊಟ ಮಾಡು, ಕಣ್ತುಂಬ ನಿದ್ದೆ ಮಾಡು. ನಿನಗೆ ಒಳ್ಳೆಯದಾಗಲಿ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು, ನಾನು ಅವಳಿಗೆ ಋಣಿ.

ಇಂತು ನಿನ್ನ
ಅಪ್ಪ

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಮ್ಮನಿಗೆ ನಾನು ಹೇಳಿದ್ದು ಸುಳ್ಳು. ಅಂದು ಮೂರನೆಯ ಕಾರಣ ಹೇಳುವಾಗ ನಿನ್ನ ದನಿ ಇಳಿದದ್ದು ನನಗೆ ಕೇಳಿಸಿತ್ತು. ಬೆಕ್ಕಿಗಾಗಿ ಅಷ್ಟು ಗಟ್ಟಿಯಾಗಿ ವಾದ ಮಾಡಿದವಳು ಈ ಮೂರು ಬಡಪಾಯಿ ಕಾರಣ ಹಿಡಿದು ಬಂದಿದ್ದಾಳೆಂದರೆ ಹಿಂದೆ ಇನ್ನೊಂದಿದೆ ಎಂದು ನನಗೆ ಆ ಕ್ಷಣವೇ ಹೊಳೆದಿತ್ತು. ಏನೆಂದು ಗೊತ್ತಿರಲಿಲ್ಲ, ಇದೆ ಎಂದು ಗೊತ್ತಿತ್ತು. ಕೇಳಿದರೆ ಸೋಲುತ್ತೇನೆಂದು ಕೇಳಲಿಲ್ಲ. ದೂರು ಕೊಡುವ ದಿನ ನನ್ನನ್ನೂ ಕರೆದುಕೊಂಡು ಹೋಗು. ಮತ್ತೆ ಯಾಕೆ ಹೋದೆ ಎಂದು ಅವರು ಕೇಳಿದಾಗ ನೀನು ಸುಮ್ಮನಿರು, ಅದಕ್ಕೆ ಉತ್ತರ ನನ್ನ ಹತ್ತಿರ ಇದೆ. ಅವಳು ಹೋಗಲ್ಲ ಅಂದಿದ್ದಳು, ಅಪ್ಪ ನಾನು, ನಾನೇ ಕಳಿಸಿದೆ ಎಂದು ಎಲ್ಲರೆದುರು ಹೇಳುತ್ತೇನೆ.