ಮುನಿಶಾಮಮ್ಮನ ಕನ್ನಡಕ

ದೊಡ್ಡನೆಕ್ಕುಂದಿ, ಬೆಂಗಳೂರು
12-10-2003

ಪ್ರೀತಿಯ ಅವ್ವನಿಗೆ, ನಿನ್ನ ಮಗಳು ಪ್ರಿಯದರ್ಶಿನಿ ಮಾಡುವ ನಮಸ್ಕಾರ.

ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚುತ್ತಿದ್ದೀಯಾ, ಇಲ್ಲ ಬಾಟಲಿ ಕಪಾಟಿನಲ್ಲಿ ಹಾಗೇ ಕೂತಿದೆಯಾ? ತಮ್ಮಾ ಶರಣಬಸವ, ಅವ್ವನಿಗೆ ಓದಿ ಹೇಳುತ್ತಿರುವವನು ನೀನೇ ತಾನೆ? ಒಂದು ಸಾಲೂ ನುಂಗಬೇಡ. ನಾನು ಚನ್ನಪ್ಪ ಮಾವನ ಮನೆಯಲ್ಲಿ ಆರಾಮವಾಗಿದ್ದೇನೆ. ಆದರೆ ಅಪ್ಪನಿಗೆ ಕಳಿಸಿದ್ದ ಪಾಲಕರ ಒಪ್ಪಿಗೆಯ ಫಾರಂ ಸಹಿಯಿಲ್ಲದೆ ವಾಪಸು ಬಂತು. ‘ಓದ್ಲಿಕ್ಕ ಕಳ್ಸೀನಿ, ಓಣಿ ಓಣಿ ತಿರಗ್ಲಿಕ್ಕಲ್ಲ’ ಎಂದು ಬರೆದಿದ್ದಾರೆ. ಈಗ ವಾರಕ್ಕೊಮ್ಮೆ ಹೋಗುವ ಹಲಸೂರಿನ ಸೇವಾ ಕೇಂದ್ರದಲ್ಲಿ ಡಿಸೆಂಬರ್ ಪೂರ್ತಿ ದಿನಾ ಕೆಲಸ ಮಾಡದಿದ್ದರೆ ನನ್ನನ್ನು ಪರೀಕ್ಷೆಗೆ ಕೂಡಿಸುವುದಿಲ್ಲ ಅವ್ವಾ. ಸಮಾಜಕಾರ್ಯದ ಎರಡು ವರ್ಷದ ಓದು ನೀರುಪಾಲಾಗುತ್ತದೆ. ನನಗೆ ಸಿಟ್ಟು ಬಂದಿದೆ. ಅದಿರಲಿ, ಓಣಿ ತಿರುಗಿ ಏನು ಕಲಿತೆನೆಂದು ಕೇಳು.

ಹಲಸೂರಿನಲ್ಲಿ ಮುನಿಶಾಮಮ್ಮ ಎಂಬವರಿದ್ದಾರೆ. ಟೈಲರ್ ಅಂಗಡಿಯ ರವಿಕೆಗಳಿಗೆ ಹುಕ್ಕು ಹೊಲಿದು ಬದುಕುತ್ತಾರೆ. ಅವರಿಗೆ ವಿಧವಾ ವೇತನದ ಅರ್ಜಿ ಹಾಕಿಸುವುದು ನನ್ನ ಕೆಲಸ. ಅರ್ಜಿದಾರರೇ ಓದಿ ತಿಳಿದು ಒಪ್ಪಬೇಕು ಎಂದು ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೆನಲ್ಲ, ಅರ್ಜಿಯನ್ನು ಅವರ ಕೈಗೇ ಕೊಟ್ಟೆ. ‘ಕನ್ನಡಕ ಒಡ್ದೋಗಿದೆ ಕಣಮ್ಮ, ಆಮೇಲ್ ಬಾ’ ಎಂದರು. ಮೂರು ವಾರವೂ ಅದೇ ಮಾತು. ಜಾಣೆ ನಾನು, ಅವರನ್ನು ಕಣ್ಣಿನ ಶಿಬಿರಕ್ಕೆ ಕರೆದುಕೊಂಡು ಹೋಗಿ ಕನ್ನಡಕ ಕೊಡಿಸಿದೆ! ಹಾಕಿಕೊಂಡು ಅರ್ಜಿ ನೋಡಿದರು, ‘ಇದು ಸರೀಗಿಲ್ಲ ಕಣಮ್ಮ’ ಎಂದು ತೆಗೆದಿಟ್ಟರು. ಹೊರಗೆ ಬಂದ ಮೇಲೆ, ಅವತ್ತು ಜೊತೆಗೆ ಬಂದಿದ್ದ ನಮ್ಮ ಮೇಲ್ವಿಚಾರಕಿ ವಾಜಿದಾ ಮೇಡಂ ಮೆಲ್ಲಗೆ ಕೇಳಿದರು: ‘ಸೂಜಿಗೆ ದಾರ ಪೋಣ್ಸೋ ಕಣ್ಣಿಗೆ ಅಕ್ಷರ ಯಾಕಮ್ಮ ಕಾಣಲ್ಲ? ಯೋಚ್ನೆ ಮಾಡು.’ ನನಗೆ ಮುಖ ಎಲ್ಲಿಡಲಿ ಎನ್ನುವಂತಾಯಿತು.

ಮಾರನೆಯ ವಾರ ಅರ್ಜಿಯನ್ನು ಚೀಲದಲ್ಲೇ ಇಟ್ಟುಕೊಂಡು, ಅವರ ಪಕ್ಕ ಕೂತು ಹುಕ್ಕು ಎತ್ತಿಕೊಡುತ್ತಾ ನಿನ್ನ ವಿಷಯ ಹೇಳಿದೆ. ಬ್ಯಾಂಕಿನಲ್ಲಿ ಎಲ್ಲರೆದುರು ‘ನಂಗ ಓದ್ಲಿಕ್ಕ ಬರಲ್ರಿ, ಏನ್ ಬರ್ದದ ಹೇಳ್ರಿ’ ಎಂದು ನೀನು ಗಟ್ಟಿಯಾಗಿ ಕೇಳುತ್ತೀಯಲ್ಲ, ಅದನ್ನು. ಚಿಕ್ಕವಳಿದ್ದಾಗ ಆ ಮಾತಿಗೆ ನಾಚಿ ನಿನ್ನ ಸೆರಗಿನ ಹಿಂದೆ ಅಡಗುತ್ತಿದ್ದೆ, ಕ್ಷಮಿಸು. ಮುನಿಶಾಮಮ್ಮ ಸೂಜಿಯನ್ನು ರವಿಕೆಗೆ ಚುಚ್ಚಿಟ್ಟರು. ಆಮೇಲೆ ‘ನಂಗೂ ಬರಲ್ಲ ಕಣಮ್ಮ. ನೀನೇ ಓದು, ಕೇಳ್ತೀನಿ’ ಎಂದರು. ಓದಿದೆ. ಗಂಡನ ಹೆಸರು ತಪ್ಪಾಗಿದೆ ಎಂದು ಅವರೇ ಹಿಡಿದರು! ಅರ್ಜಿ ಈಗ ಕಚೇರಿ ಸೇರಿದೆ. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ ಅವ್ವಾ. ನಿನ್ನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಅವತ್ತು ತುಂಬಾ ಹೆಮ್ಮೆಯಾಯಿತು.

ಅಪ್ಪನಿಗೆ ನಮಸ್ಕಾರ, ಶರಣನಿಗೆ ಪ್ರೀತಿ. ಕಾಲು ಜೋಪಾನ.

ನಿನ್ನ ಮಗಳು,
ಪ್ರಿಯದರ್ಶಿನಿ

ಮರೆತೆ: ಪಾಲಕರೆಂದರೆ ತಾಯಿಯೂ ಹೌದು, ಅವರ ಹೆಬ್ಬೆಟ್ಟೂ ನಡೆಯುತ್ತದೆ ಎಂದು ಮೇಡಂ ಹೇಳಿದ್ದಾರೆ. ಇನ್ನೊಂದು ಫಾರಂ ಇದರೊಳಗೇ ಇದೆ. ಶರಣಾ, ಮೊದಲು ಅದನ್ನು ಪೂರ್ತಿ ಅವ್ವನಿಗೆ ಓದಿ ಹೇಳು, ಅಪ್ಪನಿಗೂ ಕೇಳಿಸುವ ಹಾಗೆ. ಅವ್ವ ಹೂಂ ಅಂದರೆ ಮಾತ್ರ ಶಾಯಿ ತಾ.